ಹೊರಸಿನ ಕೆಳಗಿನ ಪೆಟ್ಟಿಗೆ

ಆ ಚಳಿಗಾಲದಲ್ಲಿ ನಾನು ಕೈಗೆ ಬಿಡುವು ಸಿಕ್ಕಾಗೆಲ್ಲ ಎರಡನ್ನು ಮುಟ್ಟಿ ನೋಡುತ್ತಿದ್ದೆ. ಒಂದು, ನನ್ನ ಮಗಳ ಕೂಸಿನ ಅಂಗಾಲು. ಇನ್ನೊಂದು, ಕೂಸು ಮಲಗಿದ ಹೊರಸಿನ ಕೆಳಗೆ ಕೂರಿಸಿದ್ದ ಬ್ಯಾಟರಿ ಪೆಟ್ಟಿಗೆ. ಅಂಗಾಲು ಬೆಚ್ಚಗಿರಬೇಕು, ಪೆಟ್ಟಿಗೆ ತಣ್ಣಗಿರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಇಷ್ಟಕ್ಕೇ ನನ್ನ ಜೀವ ಅರ್ಧವಾಗಿತ್ತು. ರೊಟ್ಟಿ ಬಡಿಯುವಾಗಲೂ ಕಿವಿ ಹೊರಸಿನ ಕೆಳಗೇ ಇರುತ್ತಿತ್ತು.

ಮೊದಲು ನಮ್ಮ ಮನೆಯ ವಿಷಯ ಹೇಳುತ್ತೇನೆ. ನನ್ನ ಮಗನದು ಗೋವಿನಜೋಳದ ತೆನೆಯಿಂದ ಕಾಳು ಬಿಡಿಸುವ ಮಷಿನ್ನು. ಸುಗ್ಗಿ ಶುರುವಾದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಹಳ್ಳಿಯಿಂದ ಹಳ್ಳಿಗೆ, ಕಣದಿಂದ ಕಣಕ್ಕೆ ನಮ್ಮ ಓಡಾಟ. ದಿನಾ ಊರಿಗೆ ಬಂದು ಹೋಗುವುದಾಗುವುದಿಲ್ಲ. ಅದಕ್ಕೆ ಮಗ ಹಳೆಯ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಸುತ್ತ ತಗಡು ಹೊಡೆದು, ಒಳಗೆ ಹಲಗೆ ಬಡಿದು ಒಂದು ಮನೆ ಮಾಡಿದ. ಒಂದು ಬಾಗಿಲು, ಒಂದು ಕಿಟಕಿ, ಇಳಿಯಲು ಏಣಿ. ಒಂದು ಮೂಲೆಗೆ ಗ್ಯಾಸಿನ ಒಲೆ, ಇನ್ನೊಂದು ಮೂಲೆಗೆ ನೀರಿನ ಡ್ರಮ್ಮು, ಉಳಿದ ಜಾಗಕ್ಕೆ ಒಂದು ಹಲಗೆ ಹೊರಸು. ಮಗ ಮುಂದೆ ಟ್ರ್ಯಾಕ್ಟರ್ ಓಡಿಸುವಾಗ ಒಳಗಿನವರು ಎಷ್ಟು ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ಹಿಂದೆ ಮಾರಿದ ಎತ್ತಿನ ಕೊರಳ ಗಂಟೆ ಮನೆಯಲ್ಲಿ ಉಳಿದಿತ್ತು. ಅದನ್ನು ಅವನ ಸೀಟಿನ ಹಿಂದೆ ಕಟ್ಟಿಸಿ, ಅದರ ಹಗ್ಗವನ್ನು ಕಿಟಕಿಯಿಂದ ಒಳಗೆ ಎಳೆದುಕೊಂಡಿದ್ದೆ. ನಿಲ್ಲಿಸಬೇಕೆಂದರೆ ಹಗ್ಗ ಜಗ್ಗಬೇಕು.

ಗಂಡ ಸತ್ತ ಮೇಲೆ ನಾನೂ ಮಗನ ಜೊತೆ ಹೊರಟೆ. ಆಳುಗಳಿಗೆ ಅಡಿಗೆ ಮಾಡುವುದು ನನ್ನ ಕೆಲಸ. ಗಾಲಿಯ ಮೇಲಿನ ಮನೆಗೆ ಯಾರೂ ಹೆಣ್ಣು ಕೊಡಲಿಲ್ಲ, ಹಾಗಾಗಿ ಮಗನಿಗೆ ಇನ್ನೂ ಮದುವೆ ಇಲ್ಲ.

ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆ ವರ್ಷ ಮಳೆಗೆ ಊರಲ್ಲಿದ್ದ ಮನೆಯ ಹಿಂದಿನ ಗೋಡೆ ಕುಸಿದು ಬಿದ್ದಿತ್ತು. ಸುಗ್ಗಿ ಮುಗಿಯದೆ ಅದನ್ನು ಕಟ್ಟಲು ಕೈ ಬಿಡುವಿರಲಿಲ್ಲ. ಹೀಗಾಗಿ ಅವಳ ತವರು ಆಗ ಬ್ಯಾಡಗಿ ಹತ್ತಿರದ ಒಂದು ಹೊಲದ ಅಂಚಿಗೆ ನಿಂತಿತ್ತು, ಗಾಲಿಗೆ ಕಲ್ಲು ಒಡ್ಡಿಕೊಂಡು. ಅವಳ ಗಂಡ ಲಾರಿ ಡ್ರೈವರು, ದೂರದ ಬಾಡಿಗೆ ಹೊಡೆಯುತ್ತಿದ್ದ. ಅತ್ತೆಯ ಮನೆ ಮೇಡ್ಲೇರಿಯಲ್ಲಿ. ಕಲ್ಲಿನ ಗೋಡೆಯ ಒಳ್ಳೆಯ ಮನೆ. ಆದರೆ ಚೊಚ್ಚಲ ಬಾಣಂತನ ತವರಿನದು. ನಾನು ಬಿಟ್ಟುಕೊಡಲಿಲ್ಲ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು ಕೂಸು. ಹಾವೇರಿಯ ದವಾಖಾನೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನಾನು ಬಹಳ ಕೂಸುಗಳನ್ನು ನೋಡಿದ್ದೇನೆ, ಎಣ್ಣೆ ಹಚ್ಚಿ ಎರೆದಿದ್ದೇನೆ. ಇಷ್ಟು ಸಣ್ಣದನ್ನು ನೋಡಿರಲಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು.

"ಅಜ್ಜಿ, ಕೂಸಿನ ಮೈ ತಣ್ಣಗಾಗಬಾರದು. ಮತ್ತ ಅಗ್ಗಿಷ್ಟಿಗಿ ಇಡೂದು, ಲೋಬಾನ ಹಾಕೂದು ಏನೂ ಮಾಡಬ್ಯಾಡ್ರಿ. ಹೊಗಿ ಕುಡದ್ರ ಈ ಕೂಸು ತಡಕೊಳ್ಳಾಂಗಿಲ್ಲ."

ಅಲ್ಲಿನ ನರ್ಸು ಮಗಳಿಗೆ ಇನ್ನೊಂದು ಕಲಿಸಿದಳು. ಕೂಸಿನ ಬಟ್ಟೆ ಬಿಚ್ಚಿ, ತಾಯಿಯ ಬರೀ ಎದೆಗೆ ಅಂಟಿಸಿ, ಮೇಲೆ ಹೊದಿಸಿಕೊಂಡು ಕೂರುವುದು. ನಾನು ನೋಡಿ ನಕ್ಕೆ.

"ಮಂಗ್ಯಾ ಮರಿ ಕಟಗೊಂಡಂಗ ಕಾಣಸ್ತದ," ಅಂದೆ.

"ಮಂಗ್ಯಾನ ಮರಿ ಥಂಡಿಗೆ ಸತ್ತದ್ದು ನೋಡೀರೇನ್ರಿ?" ಅಂದಳು ನರ್ಸು.

ಕೆಂಡ ಇಲ್ಲದ ಬಾಣಂತನ ನನಗೆ ಗೊತ್ತಿರಲಿಲ್ಲ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟೇ ನನ್ನ ಅವ್ವ ನನ್ನನ್ನು ಬಾಣಂತನದಿಂದ ಎಬ್ಬಿಸಿದ್ದಳು, ನಾನೂ ಎಷ್ಟೋ ಬಾಣಂತಿಯರನ್ನು ಎಬ್ಬಿಸಿದ್ದೆ. ತಗಡಿನ ಗೋಡೆ, ಮಾಗಿಯ ಥಂಡಿ. ಹೊಲದ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಮಗ ಯೋಚನೆ ಮಾಡಿ ಹೇಳಿದ.

"ಇನ್ವರ್ಟರ್ ಹಾಕಸ್ತೀನಿ ಬೇ. ಮ್ಯಾಲ ಸೋಲಾರ್, ಕೆಳಗ ಲಿಥಿಯಂ ಬ್ಯಾಟರಿ. ಕೋಳಿಮರಿಗೆ ಹಾಕ್ತಾರಲ್ಲ, ಅಂಥಾ ದೊಡ್ಡ ಬಲ್ಬು ಹೊರಸಿನ ಮ್ಯಾಲ ಇಳಿಬಿಟ್ರ ಹೊಗಿ ಇಲ್ಲದ ಬೆಚ್ಚಗಿರತೈತಿ."

"ನನ್ನ ಮೊಮ್ಮಗಳೇನ ಕೋಳಿಮರಿ ಏನಲೇ?"

"ಕೋಳಿಮರೀನ ದೊಡ್ಡದಿರತೈತಿ," ಅಂದ. ಮಗಳು ಮಲಗಿದ್ದಲ್ಲೇ ನಕ್ಕಳು, ಆಮೇಲೆ ಮುಖ ಗೋಡೆಗೆ ತಿರುಗಿಸಿದಳು.

ಲಿಥಿಯಂ ಎಂಬ ಮಾತು ನಾನು ಮೊದಲು ಒಂದೇ ಸಲ ಕೇಳಿದ್ದೆ. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಬ್ಯಾಡಗಿಯ ರಸ್ತೆಯ ಮೇಲೆ ಒಂದು ಕರೆಂಟಿನ ಸ್ಕೂಟರು ನಿಂತಲ್ಲೇ ಹೊತ್ತಿಕೊಂಡಿತ್ತು. ಮೊದಲು ಬಿಳಿ ಹೊಗೆ, ಆಮೇಲೆ ಸೀಟಿಯ ಹಾಗೆ ಒಂದು ಸದ್ದು, ಆಮೇಲೆ ಬೆಂಕಿ. ಪಕ್ಕದಲ್ಲಿ ಮೆಣಸಿನಕಾಯಿ ಚೀಲದ ಗಾಡಿ ನಿಂತಿತ್ತು. ಘಾಟಿಗೆ ಮಂದಿ ಕೆಮ್ಮುತ್ತ ಓಡಿದರು. ನೀರು ಹೊಡೆದರು, ಮಣ್ಣು ಹಾಕಿದರು. ಆರಿತು ಅನ್ನುವಷ್ಟರಲ್ಲಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಕೊನೆಗೆ ಸ್ಕೂಟರಿನ ಎಲುಬು ಮಾತ್ರ ಉಳಿಯಿತು. "ಲಿಥಿಯಂ ಬ್ಯಾಟರಿ ಹಂಗ ನೋಡ್ರಿ, ಹಿಡೀತಂದ್ರ ಬಿಡಾಂಗಿಲ್ಲ" ಎಂದು ಯಾರೋ ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಅದನ್ನೇ ಈಗ ನನ್ನ ಮಗಳ ಹೊರಸಿನ ಕೆಳಗೆ ಇಡುತ್ತಾರಂತೆ.

ಬ್ಯಾಟರಿ ಕೂರಿಸುವವ ರಾಣೆಬೆನ್ನೂರಿನಿಂದ ಬಂದ. ಗಡ್ಡಕ್ಕೆ ಮದರಂಗಿ ಹಚ್ಚಿದ ಸಾಬರವನು, ಬಾಯಿ ಜೋರು. ತಗಡಿಗೆ ನೇರ ಏನೂ ತಾಗಬಾರದೆಂದು ಮೊದಲು ಹಲಗೆ ಬಡಿದ. ಇನ್ವರ್ಟರನ್ನು ಗೋಡೆಗೆ ಏರಿಸಿದ. ಹೆಬ್ಬೆರಳಿನಷ್ಟು ದಪ್ಪದ ಕೆಂಪು ವಾಯರು, ಕಪ್ಪು ವಾಯರು ಎಳೆದ. ಬ್ಯಾಟರಿಯನ್ನು ಹೊರಸಿನ ಕೆಳಗೇ ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಇಟ್ಟ.

"ಅಲ್ಲಿ ಬ್ಯಾಡೋ, ಹೊರಗ ಇಡು," ಅಂದೆ.

"ಹೊರಗ ಮಳಿ, ಧೂಳು. ಒಲಿ ಬಾಜೂಕ ಇಡಾಕ ಬರಂಗಿಲ್ಲ. ನೀರಿನ ಬಾಜೂಕ ಇಡಾಕ ಬರಂಗಿಲ್ಲ. ನಿಮ್ಮ ಅರಮನ್ಯಾಗ ಬ್ಯಾರೆ ಖೋಲಿ ಐತೇನ್ರಿ ಅಮ್ಮಾರ?"

"ಟ್ರ್ಯಾಕ್ಟರ್‌ದಾಗ ಇರತೈತಲ್ಲ, ಅಂಥಾದ್ದ ಹಾಕಬಾರದೇನು?"

"ಅದು ಭಾರ. ಆ್ಯಸಿಡ್ ಕುಲುಕ್ಯಾಡತೈತಿ, ಅದರ ವಾಸನಿ ಕೂಸಿಗೆ ಬ್ಯಾಡ. ಸ್ಕೂಟರಿನ ಕತಿ ನಿಮ್ಮ ಮಗ ಹೇಳ್ಯಾನ. ಇದರ ಜಾತಿ ಬ್ಯಾರೆರಿ. ಲಗೂ ಸಿಟ್ಟಿಗೇಳಂಗಿಲ್ಲ, ಭಾಳ ಶಾಂತ."

"ನನ್ನ ಗಂಡನ್ನೂ ಶಾಂತ ಅಂತ ಹೇಳೇ ಗಂಟಹಾಕಿದ್ರು."

ಅವನು ಬಿದ್ದು ಬಿದ್ದು ನಕ್ಕ. ಆದರೆ ಹೊರಡುವ ಹೊತ್ತಿಗೆ ಅವನ ಮುಖ ಚಿಕ್ಕದಾಯಿತು. ಪೆಟ್ಟಿಗೆಯ ಮುಚ್ಚಳ ಅಳತೆ ತಪ್ಪಿತ್ತು, ಕೂರಲಿಲ್ಲ. "ಬ್ಯಾರೆ ಮಾಡಿಸಿ ತರತೀನ್ರಿ. ಅಲ್ಲೀತನಕ ಇದರ ಮ್ಯಾಲ ಏನೂ ಇಡಬ್ಯಾಡ್ರಿ. ಕಬ್ಬಣದ್ದು ಅಂತೂ ಹತ್ತರ ತರಲೇಬ್ಯಾಡ್ರಿ. ಈ ಎರಡು ಬೋಲ್ಟಿಗೆ ಒಂದ ಕಬ್ಬಣ ಅಡ್ಡ ಬಿತ್ತಂದ್ರ ಆತು," ಅಂದ.

ನಾನು ಆಗಲೇ ಮಗಳ ದಿಂಬಿನ ಕೆಳಗೆ ಕೈ ಹಾಕಿ, ನಾನೇ ಇಟ್ಟಿದ್ದ ಅಡಿಕೆ ಕತ್ತರಿಸುವ ಅಡಕೊತ್ತು ಹೊರಗೆ ತೆಗೆದೆ. ಬಾಣಂತಿಯ ತಲೆಯ ಹತ್ತಿರ ಕಬ್ಬಿಣ ಇರಬೇಕು, ಗಾಳಿ ಸೋಂಕಬಾರದು, ಕಣ್ಣು ತಾಗಬಾರದು. ಅದು ನಮ್ಮ ಕಡೆಯ ಪದ್ಧತಿ. ಅಡಕೊತ್ತನ್ನು ಒಲೆಯ ಮೂಲೆಗೆ ಒಯ್ದು ಇಟ್ಟೆ. ಸೌಟು, ಇಕ್ಕಳ, ತಲೆಪಿನ್ನು ಎಲ್ಲವನ್ನೂ ಆ ಮೂಲೆಗೇ ಸೇರಿಸಿದೆ. ಕಬ್ಬಿಣ ತೆಗೆದದ್ದಕ್ಕೆ ಒಂದು ಹೆದರಿಕೆ, ಇಟ್ಟಿದ್ದರೆ ಇನ್ನೊಂದು ಹೆದರಿಕೆ. ಎರಡರಲ್ಲಿ ಕಣ್ಣಾರೆ ಕಂಡದ್ದು ಬೆಂಕಿ. ಅದಕ್ಕೇ ಹೆಚ್ಚು ಹೆದರಿದೆ.

ಬಲ್ಬು ಚೆನ್ನಾಗಿಯೇ ಕೆಲಸ ಮಾಡಿತು. ಹಳದಿ ಬೆಳಕಿನ ಕೆಳಗೆ ಕೂಸು ಕೈಕಾಲು ಬಿಟ್ಟು ಮಲಗುತ್ತಿತ್ತು. ಹಾಲು ಎಳೆಯುವುದು ಕಲಿಯಿತು. ಆದರೆ ಗೋಡೆಯ ಮೇಲಿನ ಇನ್ವರ್ಟರಿನ ಫ್ಯಾನು ಗುಂಯ್ ಅಂದಾಗಲೆಲ್ಲ ನಾನು ಎದ್ದು ಕೂರುತ್ತಿದ್ದೆ. ಮೂಸಿ ನೋಡುತ್ತಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದನ್ನು ಬಿಟ್ಟೆ, ಓಡಬೇಕಾದರೆ ತಡವಾಗಬಾರದೆಂದು. "ನೀ ಹಿಂಗ ಮೂಸಿ ಮೂಸಿ ನನಗೂ ಅಂಜಿಕಿ ಹಚ್ಚೀದಿ ನೋಡ ಬೇ," ಎಂದು ಮಗಳು ಬೈದಳು.

ಮುಚ್ಚಳ ಬರುವ ಮೊದಲು ಬೀಗತಿ ಬಂದಳು. ಮಗಳ ಅತ್ತೆ. ದಪ್ಪನೆಯ ಹೆಂಗಸು, ನಡೆದರೆ ನಮ್ಮ ಟ್ರೇಲರು ಅಲುಗಾಡುತ್ತಿತ್ತು. ಅಂಟಿನ ಉಂಡೆ, ಹೊದೆಯಲು ಕೌದಿ, ಕೂಸಿನ ತಲೆಗೆ ಕುಂಚಿಗೆ ಎಲ್ಲ ಹೊತ್ತು ತಂದಿದ್ದಳು. ಏಣಿ ಹತ್ತಿ ಒಳಗೆ ಬಂದು ಸುತ್ತ ಕಣ್ಣಾಡಿಸಿದಳು.

"ಏನ್ರಿ ಬೀಗತೇರ, ನನ್ನ ಮೊಮ್ಮಗಳನ್ನ ಡಬ್ಬ್ಯಾಗ ಹಾಕಿ ಇಟ್ಟೀರಲ್ಲ, ಚಕ್ಕಲಿ ಇಟ್ಟಂಗ."

"ಮೆತ್ತಗಾಗಬಾರದಲ್ರಿ ಮತ್ತ," ಅಂದೆ.

ಅವಳು ಕೂಸನ್ನು ನೋಡಿದಳು, ಲಟಿಕೆ ಮುರಿದಳು. ಆಮೇಲೆ ದಿಂಬಿನ ಕೆಳಗೆ ಕೈ ಆಡಿಸಿದಳು.

"ಕಬ್ಬಣ ಎಲ್ಲೈತ್ರಿ?"

"ತಗದೀನ್ರಿ. ಕೆಳಗ ಬ್ಯಾಟರಿ ಐತಿ, ಮುಚ್ಚಳಿಲ್ಲ. ಹತ್ತರ ಕಬ್ಬಣ ಬ್ಯಾಡ ಅಂದಾನ ಆ ಮನಶಾ."

"ಬ್ಯಾಟರಿ ಕುಂದರಸಾಂವ ಎಷ್ಟ ಬಾಣಂತನ ಮಾಡ್ಯಾನ್ರಿ?"

ನಾನು ಮತ್ತೊಮ್ಮೆ ಸ್ಕೂಟರಿನ ಕತೆ ಹೇಳಿದೆ. ಅವಳು ಉಂಡೆ ಮುರಿದು ಮಗಳ ಬಾಯಿಗೆ ಹಾಕಿದಳು. ಮಾತು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ. ಅವಳ ಚೀಲದ ತಳದಲ್ಲಿ ಅವರ ಮನೆತನದ ಕುಡಗೋಲು ಇದ್ದದ್ದು ನನಗೆ ಗೊತ್ತಿರಲಿಲ್ಲ. ಅವಳ ಮಗ ಹುಟ್ಟಿದಾಗಲೂ ತಲೆದಿಂಬಿಗೆ ಅದೇ ಕುಡಗೋಲು ಇತ್ತಂತೆ. ನಾನು ನೀರಿಗೆ ಹೋದಾಗ ಅದನ್ನು ಗಾದಿಯ ಕೆಳಗೆ, ಹೊರಸಿನ ಹಲಗೆಯ ಮೇಲೆ ಸರಿಸಿ ಇಟ್ಟಿದ್ದಳು. ನಮ್ಮ ಹೊರಸಿನ ಹಲಗೆಗಳ ನಡುವೆ ಕೈ ತೂರುವಷ್ಟು ಸಂದು.

ಮರುದಿನ ಆ ಕಣದ ಕೆಲಸ ತೀರಿತು. ಮಷಿನ್ನು ಬೇರೆ ಟ್ರ್ಯಾಕ್ಟರಿಗೆ ಕಟ್ಟಿಸಿ ಮುಂದೆ ಕಳಿಸಿ, ಹೊತ್ತು ಇಳಿಯುವಾಗ ಮಗ ನಮ್ಮ ಮನೆಯನ್ನು ಎಳೆದುಕೊಂಡು ಹೊರಟ. ಬಾಣಂತಿ ಇದ್ದಾಳೆಂದು ನಿಧಾನ ಹೊಡೆಯುತ್ತಿದ್ದ. ಹೊರಸಿನ ಮೇಲೆ ಮಗಳು, ಕೂಸು. ಕೆಳಗೆ ನಾನು ಮತ್ತು ಬೀಗತಿ. ಡಾಂಬರು ಬಿಟ್ಟು ಹೊಲದ ದಾರಿಗೆ ಇಳಿದಾಗ ಟ್ರೇಲರು ಒಂದು ಕಡೆಗೆ ವಾಲಿ ಜಿಗಿಯಿತು.

ಹೊರಸಿನ ಕೆಳಗೆ ಪಟ್ ಅಂದಿತು. ನೀಲಿ ಬೆಳಕು ನನ್ನ ಕಣ್ಣಿಗೆ ಹೊಡೆಯಿತು. ಬಲ್ಬು ಆರಿತು. ಸುಟ್ಟ ರಬ್ಬರಿನ ವಾಸನೆ ಎದ್ದಿತು, ಆಮೇಲೆ ಹೊಗೆ.

ಬಿಳಿ ಹೊಗೆ.

ನಾನು ಹಗ್ಗ ಜಗ್ಗಿದೆ. ಗಂಟೆ ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಟ್ರ್ಯಾಕ್ಟರು ನಿಲ್ಲುವ ಮೊದಲೇ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲು ದೂಡಿದೆ. ಹೊರಡುವಾಗ ಏಣಿಯನ್ನು ಮೇಲಕ್ಕೆತ್ತಿ ಕಟ್ಟಿದ್ದೆವು. ನಿಂತೊಡನೆ ಹಾರಿದೆ. ಈ ವಯಸ್ಸಿನಲ್ಲಿ ಹೇಗೆ ಹಾರಿದೆನೋ, ಕಾಲು ಇವತ್ತಿಗೂ ನೋಯುತ್ತದೆ. ಹಿಂದೆ ಮಗಳನ್ನು ಬೀಗತಿ ತಬ್ಬಿ ಇಳಿಸಿದಳು. ಎಲ್ಲರನ್ನೂ ದೂರ, ಕೊಯ್ದ ಹೊಲದ ನಡುವೆ ಅಟ್ಟಿದೆ. ಮಗ ಒಳಗೆ ನುಗ್ಗಿದ.

"ಒಳಗ ಹೋಗಬ್ಯಾಡಲೇ," ಎಂದು ಕೂಗಿದೆ. ಅವನು ಕೇಳಲಿಲ್ಲ. ನನ್ನ ಒಂದು ಕಣ್ಣು ಬಾಗಿಲಿನ ಮೇಲೆ, ಒಂದು ಕಣ್ಣು ಕೂಸಿನ ಮೇಲೆ. ಆ ಸೀಟಿಯ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತ ನಿಂತೆ.

ಬರಲಿಲ್ಲ. ಮಗ ಸ್ವಿಚ್ಚು ಇಳಿಸಿ, ಒಂದು ಕಟ್ಟಿಗೆಯಿಂದ ಏನನ್ನೋ ಬಡಿದು ಬಿಡಿಸಿ ಹೊರಗೆ ಎಸೆದ. ಕುಡಗೋಲು. ಅದರ ತುದಿ ಇಲಿ ಕಡಿದ ಹಾಗೆ ಕರಗಿ ಹೋಗಿತ್ತು.

"ಬೆಂಕಿ ಹತ್ತಿಲ್ಲ ಬೇ. ಬ್ಯಾಟರಿ ತಾನ ಬಂದ್ ಆಗೈತಿ. ವಾಯರ್ ಸುಟ್ಟೈತಿ, ಪೆಟ್ಟಿಗಿ ಕೈ ಇಡಂಗಿಲ್ಲ, ಅಷ್ಟು ಕಾದೈತಿ. ಯಾರೂ ಒಳಗ ಬರಬ್ಯಾಡ್ರಿ," ಅಂದ.

ನಾನು ಕುಡಗೋಲು ನೋಡಿದೆ, ಬೀಗತಿಯನ್ನು ನೋಡಿದೆ. ಅವಳ ಮುಖ ಬೂದಿ ಬಳಿದಂತಾಗಿತ್ತು. ಬೈಯಲು ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಹೊರಗೆ ಬರಲೂ ಇಲ್ಲ. ಯಾಕೆಂದರೆ ಅಷ್ಟರಲ್ಲಿ ನನ್ನ ಕೈ ಕೂಸಿನ ಅಂಗಾಲಿಗೆ ತಾಗಿತ್ತು.

ತಣ್ಣಗಿತ್ತು. ಕೆರೆಯ ಕಲ್ಲಿನ ಹಾಗೆ ತಣ್ಣಗಿತ್ತು. ಹೊತ್ತು ಮುಳುಗಿ ಬಯಲ ಗಾಳಿ ಬೀಸುತ್ತಿತ್ತು. ಕೂಸು ಅಳುತ್ತಿರಲಿಲ್ಲ. ತುಟಿ ಬಣ್ಣಗೆಟ್ಟಿತ್ತು. ಅತ್ತಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಮಗ ಫೋನ್ ಹಚ್ಚಿ ದವಾಖಾನೆಯ ಗಾಡಿ ಕರೆದ. ಬ್ಯಾಡಗಿಯಿಂದ ಬರಬೇಕು, ಆಮೇಲೆ ಹಾವೇರಿಗೆ ಒಯ್ಯಬೇಕು. ಬೀಗತಿ ಗೋವಿನಜೋಳದ ಒಣ ಎಲೆ, ರವದಿ ಬಾಚಿ ಗುಡ್ಡೆ ಹಾಕತೊಡಗಿದಳು. "ಕಡ್ಡಿಪೆಟ್ಟಿಗಿ ಕೊಡ್ರಿ, ಲಗೂ ಕೊಡ್ರಿ," ಅಂದಳು. ಕಡ್ಡಿಪೆಟ್ಟಿಗೆ ನನ್ನ ಸೊಂಟದ ಚೀಲದಲ್ಲೇ ಇತ್ತು. ನಾನು ತೆಗೆದೂ ಬಿಟ್ಟೆ.

"ಹೊಗಿ ಬ್ಯಾಡ ಬೇ," ಅಂದಳು ಮಗಳು. ಅವಳು ಕೂಸಿಗಾಗಿ ಕೈ ಚಾಚಿದಳು, ಎದೆಗೆ ಹಚ್ಚಿಕೊಳ್ಳಲು. ಆದರೆ ಹೆದರಿ ಅವಳ ಮೈಯೆಲ್ಲ ನಡುಗುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಕೈ ಮುಟ್ಟಿದರೆ ಅವಳೂ ತಣ್ಣಗೆ. ನನ್ನ ಎದೆಯಲ್ಲಿ ಎಲುಬು ಬಿಟ್ಟರೆ ಏನೂ ಇಲ್ಲ, ನನಗೆ ಬೇಸಿಗೆಯಲ್ಲೂ ಚಳಿ.

ನಾನು ಬೀಗತಿಯ ಕಡೆ ತಿರುಗಿದೆ.

"ಕುಬಸ ಬಿಚ್ರಿ."

"ಏನ್ರಿ?"

"ಕುಬಸ ಬಿಚ್ರಿ ಅಂದೆ. ಕೂಸನ್ನ ಬರೇ ಎದಿಗೆ ಹಚಗೋರಿ. ಇಲ್ಲಿ ಬೆಚ್ಚಗ ಇರೂದು ನಿಮ್ಮ ಮೈ ಒಂದ."

ಅವಳು ನನ್ನ ಮಗನ ಕಡೆ ನೋಡಿದಳು. ಅವನು ಆಗಲೇ ಬೆನ್ನು ತಿರುಗಿಸಿ, ದಾರಿ ಕಡೆ ಮುಖ ಮಾಡಿ ನಿಂತಿದ್ದ. ಅವಳು ನೆಲಕ್ಕೆ ಕುಕ್ಕರಿಸಿ ಕುಬಸ ಬಿಚ್ಚಿದಳು. ನಾನು ಕೂಸಿನ ಬಟ್ಟೆ ಬಿಚ್ಚಿ ಅವಳ ಎದೆಯ ನಡುವೆ ಇಟ್ಟೆ, ಮೇಲೆ ಸೀರೆ, ಅದರ ಮೇಲೆ ನನ್ನ ಸೆರಗು. ಅವಳು ತಂದ ಕೌದಿಯನ್ನು ಮಗ ಒಳಗಿಂದ ತಂದು ಹಿಂದಿನಿಂದಲೇ ಕೊಟ್ಟ. ಅದನ್ನೂ ಸುತ್ತಿದೆ. ಮಗಳನ್ನು ಅವಳ ಒಂದು ಬದಿಗೆ ಒತ್ತಿ ಕೂರಿಸಿ, ಇನ್ನೊಂದು ಬದಿಗೆ ನಾನು ಕೂತೆ, ಗಾಳಿಗೆ ಅಡ್ಡವಾಗಿ. ಕೌದಿಯೊಳಗೆ ಕೈ ತೂರಿಸಿ ಅಂಗಾಲು ಹಿಡಿದುಕೊಂಡೆ.

ಬೀಗತಿ ಅಳುತ್ತಿದ್ದಳು. "ನಾ ಒಳ್ಳೇದಕ್ಕ ಇಟ್ಟಿದ್ನಿರಿ," ಅನ್ನುತ್ತಿದ್ದಳು.

"ಮಾತಾಡಬ್ಯಾಡ್ರಿ. ಅತ್ರ ಎದಿ ಅಲಗತೈತಿ," ಅಂದೆ.

ನಾವು ಮೂವರೂ ಹಾಗೇ ಕೂತೆವು. ಎಷ್ಟು ಹೊತ್ತು ಎಂದು ನನಗೆ ತಿಳಿಯದು. ಅಂಗಾಲು ನನ್ನ ಬೆರಳಿಗಿಂತ ತಣ್ಣಗಿತ್ತು. ಆಮೇಲೆ ನನ್ನ ಬೆರಳಿನಷ್ಟೇ ಆಯಿತು. ನನ್ನ ಬೆರಳೇ ತಣ್ಣಗಾಗಿ ಹಾಗೆ ಅನಿಸುತ್ತಿದೆಯೋ ಎಂದು ಹೆದರಿ, ಬೆರಳನ್ನು ಬಾಯಲ್ಲಿ ಹಾಕಿಕೊಂಡು ಬಿಸಿ ಮಾಡಿ ಮತ್ತೆ ಮುಟ್ಟಿದೆ. ಆಗ ಕೂಸು ಕಾಲು ಒದೆಯಿತು. ಬೀಗತಿಯ ಎದೆಯ ಮೇಲೆ ಉಚ್ಚೆ ಹೊಯ್ದು ಕಿರ್ರೆಂದು ಅತ್ತಿತು. ಅಂಥ ಒಳ್ಳೆಯ ಸದ್ದು ನಾನು ಕೇಳಿರಲಿಲ್ಲ.

ಗಾಡಿ ಬಂತು. ಹಾವೇರಿಯವರೆಗೂ ಬೀಗತಿ ಕೂಸನ್ನು ಎದೆಯಿಂದ ತೆಗೆಯಲಿಲ್ಲ, ನಾನೂ ಕಾಲು ಬಿಡಲಿಲ್ಲ. ಅದೇ ನರ್ಸು ಇದ್ದಳು. ಬಗಲಿಗೆ ಜ್ವರದ ಕಡ್ಡಿ ಇಟ್ಟು ನೋಡಿ, "ಕಾವು ಛಲೋ ಐತಿ. ಯಾವ ಮಂಗ್ಯಾ ಹಿಂಗ ಹಿಡಕೊಂಡಿತ್ರಿ?" ಅಂದಳು. ನಾನು ಬೀಗತಿಯ ಕಡೆ ಕೈ ತೋರಿಸಿದೆ.

ಕೂಸನ್ನು ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಅಷ್ಟರಲ್ಲಿ ರಾಣೆಬೆನ್ನೂರಿನವ ಮುಚ್ಚಳ ತಂದು ಸ್ಕ್ರೂ ಜಡಿದ, ವಾಯರು ಬದಲಿಸಿದ. ಬ್ಯಾಟರಿಯನ್ನು ಚಾರ್ಜಿಗೆ ಹಚ್ಚಿ ಎಬ್ಬಿಸಿದ. ಈ ಸಲ ನಗಲಿಲ್ಲ. "ಮುಚ್ಚಳಿಲ್ಲದ ಬಿಟ್ಟ ಹೋಗಬಾರದಿತ್ತು," ಅಂದ. ಹೋಗಬಾರದಿತ್ತು ಎಂದು ನಾನೂ ಅಂದೆ.

ಬೀಗತಿ ಕುಡಗೋಲನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಊರಿಗೆ ಒಯ್ಯಲು ನೋಡಿದಳು. ನಾನು ಕಸಿದುಕೊಂಡೆ. ಟ್ರೇಲರಿನ ಹೊರಗೆ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ.

"ಕಬ್ಬಣ ಬೇಕಲ್ರಿ ನಿಮಗ. ಇಲ್ಲಿರಲಿ. ಬರೂ ಗಾಳಿ ಬಾಗಲದಾಗ ನೋಡಿ ಹೋಗ್ಲಿ," ಅಂದೆ.

ಕೂಸು ಮರಳಿ ಬಂದು ಬಲ್ಬಿನ ಕೆಳಗೆ ಮಲಗಿತು. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಮುಚ್ಚಳದ ಮೇಲೆ ಅಂಗೈ ಇಟ್ಟು ನೋಡುತ್ತಲೇ ಇದ್ದೆ. ಸುಗ್ಗಿ ಮುಗಿದ ಮೇಲೆ ಮಗಳು ಕೂಸನ್ನು ಎತ್ತಿಕೊಂಡು ಮೇಡ್ಲೇರಿಗೆ ಹೋದಳು. ಈಗ ಬೆಳಿಗ್ಗೆ ಎದ್ದ ಕೂಡಲೇ ಬೀಗತಿಗೆ ಫೋನ್ ಹಚ್ಚುತ್ತೇನೆ. ಕೂಸು ಓಡಾಡುವಂತಾಗಿದೆ, ಆದರೂ ನಾನು ಕೇಳುವುದು ಅದೇ.

"ಅಂಗಾಲು ಹೆಂಗದಾವ್ರಿ?"

"ಬೆಚ್ಚಗದಾವು. ಅಂಗಳದಾಗ ಓಡ್ಯಾಡಿ ಕೆಸರಾಗ್ಯಾವು. ನಿಮ್ಮ ಪೆಟ್ಟಿಗಿ ಹೆಂಗೈತಿ?"

"ತಡೀರಿ, ಮುಟ್ಟಿ ನೋಡಿ ಹೇಳತೀನಿ," ಎಂದು ಹೊರಸಿನ ಕೆಳಗೆ ಬಗ್ಗುತ್ತೇನೆ.